ಹಿಚ್‌ಕಾಕೋ, ವೈಲ್ಡರೋ, ಫೋರ್ಡೋ: ಹಳೇ ಹಾಲಿವುಡ್ಡಿಗೆ ಯಾವ ಬಾಗಿಲಿಂದ ಹೋಗೋದು?

ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿರುತ್ತದೆ. "ಹಳೇ ಇಂಗ್ಲಿಷ್ ಸಿನಿಮಾ ನೋಡಬೇಕು ಅಂತ ಆಸೆ, ಯಾರಿಂದ ಶುರು ಮಾಡಲಿ?" "ನಿರ್ದೇಶಕರಲ್ಲಿ ಹಿಚ್‌ಕಾಕ್ ಒಬ್ಬನೇ ಸಾಕಾ, ಇನ್ನೂ ಯಾರಾದ್ರೂ ಇದಾರಾ?" "ಜಾನ್ ಫೋರ್ಡ್ ಭಾರೀ ದೊಡ್ಡವನು ಅಂತಾರೆ, ನಾನು ಅರ್ಧ ಗಂಟೆಗೇ ಬಿಟ್ಟೆ, ತಪ್ಪು ನಂದಾ?" ಈ ಕೊನೆಯದು ನನ್ನ ಅಕ್ಕನ ಮಗಳದ್ದು. ಅವಳು 'ದ ಸರ್ಚರ್ಸ್' ನೋಡಿದ್ದು ಮೆಟ್ರೊದಲ್ಲಿ, ಫೋನಿನಲ್ಲಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು. ತಪ್ಪು ಅವಳದ್ದೂ ಅಲ್ಲ, ಫೋರ್ಡನದ್ದೂ ಅಲ್ಲ. ಜೋಡಿ ಸರಿ ಕೂಡಿರಲಿಲ್ಲ, ಅಷ್ಟೇ.

ನಾನೂ ಹಾಗೇ ಎಡವಿದವನು. 2012ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ 'ಸಿಟಿಜನ್ ಕೇನ್' ಅನ್ನು ಹಿಂದೆ ಹಾಕಿ ಹಿಚ್‌ಕಾಕ್‌ನ 'ವರ್ಟಿಗೊ' ಮೊದಲ ಸ್ಥಾನಕ್ಕೆ ಬಂತು. ಸರಿ, ಜಗತ್ತಿನ ನಂಬರ್ ಒನ್ ಅಂತ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತೆ. ಒಬ್ಬ ಮನುಷ್ಯ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ರಸ್ತೆಗಳಲ್ಲಿ ಒಬ್ಬ ಹೆಂಗಸಿನ ಕಾರಿನ ಹಿಂದೆ ಕಾರು ಓಡಿಸುತ್ತಾನೆ. ಓಡಿಸುತ್ತಾನೆ. ಮಾತಿಲ್ಲ. ನಿದ್ದೆ ಯಾವಾಗ ಬಂತೋ ಗೊತ್ತಿಲ್ಲ. ಆಮೇಲೆ ಮೂರು ವರ್ಷ ಹಳೇ ಹಾಲಿವುಡ್ ಕಡೆ ತಲೆ ಹಾಕಲಿಲ್ಲ. ಅದೇ ಸಿನಿಮಾವನ್ನು ಮುಂದೊಮ್ಮೆ ದೊಡ್ಡ ಪರದೆಯ ಮೇಲೆ, ಹತ್ತಿಪ್ಪತ್ತು ಹಿಚ್‌ಕಾಕ್ ಸಿನಿಮಾಗಳ ಪರಿಚಯ ಆದಮೇಲೆ ನೋಡಿದಾಗ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಆದ್ದರಿಂದ 'ಯಾರು ಶ್ರೇಷ್ಠ' ಅನ್ನುವ ಪ್ರಶ್ನೆಯನ್ನು ಇಲ್ಲಿ ಪಕ್ಕಕ್ಕಿಡುತ್ತೇನೆ. ಪಟ್ಟಿಗಳು ಅದಕ್ಕೇ ಇವೆ. ಇಲ್ಲಿ ಇರುವುದು ನಿಮಗೆ, ನಿಮ್ಮ ಮನೆಯಲ್ಲಿ, ಮೊದಲು ಯಾರು ಅನ್ನುವ ವಿಚಾರ ಮಾತ್ರ.

ಅಳೆಯೋದು ಯಾವುದರಿಂದ?

ಮೊದಲನೆಯದು ಮಾತಿನ ವೇಗ. ಇದನ್ನು ಇಂಗ್ಲಿಷಿನಲ್ಲಿ ಬರೆಯುವವರು ಯಾರೂ ಹೇಳುವುದಿಲ್ಲ, ಅವರಿಗೆ ಅದು ತೊಂದರೆಯೇ ಅಲ್ಲ. ನಮಗೆ ಹಾಗಲ್ಲ. ಈ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಸಿಗುವುದು ಅಪರೂಪ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರೆ ಕಣ್ಣು ಪರದೆಯ ಕೆಳಗೇ ಅಂಟಿಕೊಳ್ಳುತ್ತದೆ. ನಾಲ್ಕಾಣೆ ಮುಖ, ಹನ್ನೆರಡಾಣೆ ಅಕ್ಷರ. ಹಾಗಾಗಿ ಚಿತ್ರದಲ್ಲೇ ಕಥೆ ಹೇಳುವವರು ಯಾರು, ಮಾತಿನಲ್ಲಿ ಹೇಳುವವರು ಯಾರು ಅನ್ನುವುದು ನಮಗೆ ಮೊದಲ ಲೆಕ್ಕ.

ಎರಡು, ಯಾವ ಪರದೆ. ಫೋನೋ, ಟಿವಿಯೋ, ಪ್ರೊಜೆಕ್ಟರೋ. ಮೂರು, ಪಕ್ಕದಲ್ಲಿ ಯಾರು ಕೂತಿದ್ದಾರೆ. 1934ರ ನಡುವಿನಿಂದ 1968ರವರೆಗೆ ಹಾಲಿವುಡ್ಡಿನಲ್ಲಿ ಪ್ರೊಡಕ್ಷನ್ ಕೋಡ್ ಅನ್ನುವ ಕಟ್ಟುನಿಟ್ಟಿನ ನೀತಿಸಂಹಿತೆ ಇತ್ತು. ಆದ್ದರಿಂದ ಅಪ್ಪ ಅಮ್ಮನ ಜೊತೆ ನೋಡುವಾಗ ರಿಮೋಟಿಗೆ ತಡಕಾಡುವ ದೃಶ್ಯಗಳು ಇಲ್ಲವೆಂದೇ ಹೇಳಬಹುದು. ಆದರೆ ದೃಶ್ಯ ಸಾತ್ವಿಕವಾಗಿದ್ದ ಮಾತ್ರಕ್ಕೆ ವಿಷಯವೂ ಸಾತ್ವಿಕ ಅಂತಲ್ಲ. ನಾಲ್ಕನೆಯದು ಖರ್ಚು, ಮತ್ತು ಒಬ್ಬನನ್ನು ಹಿಡಿದರೆ ಮುಂದೆ ಎಷ್ಟು ದೂರ ಹೋಗಬಹುದು ಅನ್ನುವುದು.

ಹಿಚ್‌ಕಾಕ್: ಕಿವಿ ಮುಚ್ಚಿಕೊಂಡರೂ ನಡೆಯುತ್ತೆ

ಮಾತಿನ ಭಾರ ಕಡಿಮೆ ಇಡುವ ಲೆಕ್ಕದಲ್ಲಿ ಹಿಚ್‌ಕಾಕ್‌ನನ್ನು ಮೀರಿಸುವವರಿಲ್ಲ. ಲಂಡನ್ನಿನವನು, ಮೂಕಿ ಚಿತ್ರಗಳ ಕಾಲದಲ್ಲಿ ಕೆಲಸ ಕಲಿತವನು, 1939ರಲ್ಲಿ ಅಮೆರಿಕಕ್ಕೆ ಬಂದವನು. ಮಾತು ಬಂದಮೇಲೂ ಮೂಕಿಯ ಪಾಠ ಬಿಡಲಿಲ್ಲ.

'ರಿಯರ್ ವಿಂಡೊ' (1954) ಸಿನಿಮಾದ ಮೊದಲ ಕೆಲವು ನಿಮಿಷ ನೋಡಿ. ಬೆವರಿದ ಹಣೆ. ಬಿಸಿಲೆಷ್ಟು ಅಂತ ತೋರಿಸುವ ಥರ್ಮಾಮೀಟರ್. ಸೆಖೆಗೆ ಬಾಲ್ಕನಿಯಲ್ಲೇ ಹಾಸಿಗೆ ಹಾಸಿ ಮಲಗಿದ ಗಂಡ ಹೆಂಡತಿ. ಕ್ಯಾಮೆರಾ ಮತ್ತೆ ಕೋಣೆಗೆ ಬಂದರೆ ಪ್ಲಾಸ್ಟರ್ ಹಾಕಿದ ಕಾಲು. ಅಲ್ಲಿಂದ ಒಡೆದುಹೋದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರಿನ ಚಕ್ರ ಕಿತ್ತು ಮುಖಕ್ಕೇ ಹಾರಿಬರುತ್ತಿರುವ ಫೋಟೊ. ಚೌಕಟ್ಟು ಹಾಕಿದ ಒಂದು ಹೆಣ್ಣಿನ ನೆಗೆಟಿವ್, ಪಕ್ಕದಲ್ಲೇ ಅದೇ ಮುಖ ಹೊತ್ತ ಪತ್ರಿಕೆಯ ರಾಶಿ. ಒಂದು ಮಾತೂ ಆಡದೆ ಇವನು ಯಾರು, ಕಾಲು ಮುರಿದದ್ದು ಹೇಗೆ, ಯಾವುದನ್ನು ಇಷ್ಟಪಟ್ಟು ಮಾಡುತ್ತಾನೆ, ಯಾವುದನ್ನು ಹೊಟ್ಟೆಪಾಡಿಗೆ ಮಾಡುತ್ತಾನೆ ಎಲ್ಲ ತಿಳಿಯಿತು. ಅಂಗಳದ ಸುತ್ತ ಕಾಣುವ 31 ಮನೆಗಳ ಇಡೀ ವಠಾರವನ್ನು ಪ್ಯಾರಮೌಂಟ್ ಸ್ಟುಡಿಯೊದ ಒಳಗೇ ಕಟ್ಟಿದ್ದರು. ವಠಾರದ ಬದುಕು ಗೊತ್ತಿರುವ ಯಾರಿಗಾದರೂ ಈ ಸಿನಿಮಾ ವಿವರಿಸಿ ಹೇಳಬೇಕಿಲ್ಲ. ಎದುರುಮನೆಯಲ್ಲಿ ಏನು ನಡೀತಿದೆ ಅಂತ ಕಿಟಕಿಯ ಸಂದಿಯಿಂದ ನೋಡುವುದು, ಅಷ್ಟೇ ಕಥೆ.

ಮನೆಮಂದಿಯೆಲ್ಲ ಕೂತು ನೋಡಲು ಇದು, ಇಲ್ಲವೇ 'ನಾರ್ತ್ ಬೈ ನಾರ್ತ್‌ವೆಸ್ಟ್' (1959). ಒಬ್ಬರೇ ಇದ್ದು ಸ್ವಲ್ಪ ಕತ್ತಲು ಬೇಕಿದ್ದರೆ 'ನೊಟೋರಿಯಸ್' (1946). ಇದರ ಪ್ರಸಿದ್ಧ ಮುತ್ತಿನ ದೃಶ್ಯ ಕೋಡಿನ ಮೂಗಿನಡಿಯಲ್ಲೇ ನುಸುಳಿ ಬಂದದ್ದು. ದೀರ್ಘ ಮುತ್ತು ಕೂಡದು ಅನ್ನುವುದು ಕಟ್ಟಳೆ. ಹಿಚ್‌ಕಾಕ್ ಮುತ್ತನ್ನು ತುಂಡು ತುಂಡು ಮಾಡಿ, ನಡುವೆ ಊಟದ ಮಾತು, ಫೋನಿನ ಮಾತು ಸೇರಿಸಿ ಎರಡೂವರೆ ನಿಮಿಷ ಎಳೆದ. 'ಸೈಕೊ' (1960) ಈಗ ಹೆದರಿಸುವುದು ಕಡಿಮೆ, ಏಕೆಂದರೆ ಅದರ ಗುಟ್ಟು ಎಲ್ಲರಿಗೂ ಮೊದಲೇ ಗೊತ್ತು. ನಿಮಗೆ ಇನ್ನೂ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಈ ಲೇಖನ ಇಲ್ಲೇ ಬಿಟ್ಟು ಹೋಗಿ ನೋಡಿ.

ಕೊರತೆ? ನಾಲ್ಕೈದು ನೋಡಿದ ಮೇಲೆ ಮನುಷ್ಯರ ಬಗ್ಗೆ ಈತನಿಗೆ ಅಷ್ಟೇನೂ ಮಮತೆ ಇಲ್ಲ ಅನ್ನಿಸತೊಡಗುತ್ತದೆ. ಎಲ್ಲರೂ ಚದುರಂಗದ ಕಾಯಿಗಳು. ಅದು ನನ್ನ ತಕರಾರು, ನಿಮಗೆ ಹಾಗೆ ಅನ್ನಿಸದೇ ಇರಬಹುದು. ಇನ್ನೊಂದು ವಿಚಿತ್ರ: ಐದು ಸಲ ನಾಮನಿರ್ದೇಶನವಾದರೂ ನಿರ್ದೇಶನಕ್ಕೆ ಒಮ್ಮೆಯೂ ಆಸ್ಕರ್ ಬರಲಿಲ್ಲ. ಪ್ರಶಸ್ತಿ ನೋಡಿ ಸಿನಿಮಾ ಆರಿಸುವವರು ಇದನ್ನು ನೆನಪಿಡಿ.

ವೈಲ್ಡರ್: ನನ್ನ ಮತ ಇವನಿಗೆ

ಬಿಲ್ಲಿ ವೈಲ್ಡರ್ 1906ರಲ್ಲಿ ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿದವನು. ವಿಯೆನ್ನಾ, ಬರ್ಲಿನ್‌ಗಳಲ್ಲಿ ಪತ್ರಕರ್ತ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಮೇಲೆ ಬರ್ಲಿನ್ ಬಿಟ್ಟು ಪ್ಯಾರಿಸ್, ಅಲ್ಲಿಂದ ಅಮೆರಿಕ. ಅಂದರೆ ಇಂಗ್ಲಿಷನ್ನು ದೊಡ್ಡವನಾದ ಮೇಲೆ, ಹೊಟ್ಟೆಪಾಡಿಗಾಗಿ ಕಲಿತವನು. ಅದರಿಂದಲೇ ಇರಬೇಕು, ಅವನ ಸಂಭಾಷಣೆ ನಮ್ಮಂಥವರ ಕಿವಿಗೆ ಒಗ್ಗುತ್ತದೆ. ಒಂದು ಮಾತಿಗೆ ಒಂದು ಅರ್ಥ, ಒಂದು ಪೆಟ್ಟು. ಚುರುಕು ಇದೆ, ಗಲಿಬಿಲಿ ಇಲ್ಲ. ಜೊತೆಗೆ ಯಾವುದನ್ನೂ ಬರೀ ಬಾಯಲ್ಲಿ ಹೇಳಿಸಿ ಬಿಡುವುದಿಲ್ಲ, ಕೈಗೊಂದು ವಸ್ತು ಕೊಡುತ್ತಾನೆ.

'ದ ಅಪಾರ್ಟ್‌ಮೆಂಟ್' (1960) ಇದಕ್ಕೆ ಸಾಕ್ಷಿ. ನ್ಯೂಯಾರ್ಕಿನ ವಿಮಾ ಕಂಪನಿಯೊಂದರ ಗುಮಾಸ್ತ ಬ್ಯಾಕ್ಸ್‌ಟರ್, ಬಡ್ತಿಯ ಆಸೆಗೆ ತನ್ನ ಮನೆಯ ಬೀಗದಕೈಯನ್ನು ಮೇಲಧಿಕಾರಿಗಳಿಗೆ ಕೊಡುತ್ತಾನೆ. ಅವರು ಹೆಂಡತಿಯರಿಗೆ ಗೊತ್ತಾಗದ ಹಾಗೆ ಗೆಳತಿಯರನ್ನು ಅಲ್ಲಿಗೆ ಕರೆತರಲು. ಮನೆಯಲ್ಲಿ ಯಾರೋ ಬಿಟ್ಟುಹೋದ ಪುಟ್ಟ ಪೌಡರ್ ಡಬ್ಬಿಯನ್ನು, ಒಳಗಿನ ಕನ್ನಡಿ ಬಿರುಕು ಬಿಟ್ಟಿದೆ ಅನ್ನುವ ಮಾತಿನೊಂದಿಗೆ, ಅವನು ದೊಡ್ಡ ಬಾಸ್‌ಗೆ ಹಿಂತಿರುಗಿಸುತ್ತಾನೆ. ನಂತರ ಆಫೀಸಿನ ಕ್ರಿಸ್‌ಮಸ್ ಪಾರ್ಟಿ. ಬಡ್ತಿಯ ಖುಷಿಯಲ್ಲಿ ಹೊಸ ಟೋಪಿ ಹಾಕಿಕೊಂಡು, ತಾನು ಮನಸ್ಸಿಟ್ಟಿರುವ ಲಿಫ್ಟ್ ನಡೆಸುವ ಹುಡುಗಿಗೆ ತೋರಿಸುತ್ತಾನೆ. ಹೇಗೆ ಕಾಣುತ್ತೆ ನೋಡಿಕೋ ಅಂತ ಅವಳು ತನ್ನ ಪೌಡರ್ ಡಬ್ಬಿ ತೆರೆದು ಕೊಡುತ್ತಾಳೆ. ಕನ್ನಡಿಯಲ್ಲಿ ಬಿರುಕು. ಅವನ ಮುಖ ಎರಡು ಹೋಳು. ಅಷ್ಟೇ, ಯಾರೂ ಏನೂ ವಿವರಿಸುವುದಿಲ್ಲ. ಬ್ಯಾಕ್ಸ್‌ಟರ್ ಆಗಿ ನಟಿಸಿದ ಜ್ಯಾಕ್ ಲೆಮನ್‌ನ ನಗು ಮುಖದ ಮೇಲೇ ಇದೆ, ಆದರೆ ಹಿಂದೆ ಯಾರೂ ಇಲ್ಲ. ನಾನು ಈ ಸಿನಿಮಾ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ, ಆ ಕ್ಷಣ ಬರುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಬೆಂಗಳೂರಿನ ಐಟಿ ಪಾರ್ಕುಗಳಲ್ಲಿ ಕ್ಯೂಬಿಕಲ್ ಕಂಡವರಿಗೆ ಇದರ ಆಫೀಸು ಪರಿಚಿತವೇ. ಕೊನೆಯೇ ಇಲ್ಲದ ಹಾಗೆ ಸಾಲು ಸಾಲು ಮೇಜು. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರಾನರ್ ಹಿಂದಕ್ಕೆ ಹೋದ ಹಾಗೆ ಮೇಜುಗಳನ್ನು ಚಿಕ್ಕದು ಮಾಡುತ್ತಾ, ತೀರ ಹಿಂದೆ ಗಿಡ್ಡ ಜನರನ್ನು ಕೂರಿಸಿ ಆ ಭ್ರಮೆ ಹುಟ್ಟಿಸಿದ. ನಿರ್ಮಾಣ, ನಿರ್ದೇಶನ, ಚಿತ್ರಕಥೆ ಮೂರಕ್ಕೂ ವೈಲ್ಡರ್‌ಗೆ ಆಸ್ಕರ್ ಬಂತು, ಒಂದೇ ಸಿನಿಮಾಕ್ಕೆ. ಚಿತ್ರಕಥೆಯದ್ದನ್ನು ಜೊತೆಗಾರ ಐ. ಎ. ಎಲ್. ಡೈಮಂಡ್ ಜೊತೆ ಹಂಚಿಕೊಂಡ.

ಎಚ್ಚರಿಕೆ ಎರಡು. ಒಂದು, ಇದು ಅಗಲ ಪರದೆಯ ಕಪ್ಪು-ಬಿಳುಪು ಚಿತ್ರ. ಫೋನಿನಲ್ಲಿ ಒಂದು ಪಟ್ಟಿಯ ಹಾಗೆ ಕಾಣುತ್ತದೆ, ಆ ಆಫೀಸು ಇರುವೆಗೂಡು. ಎರಡು, ಹಾಸ್ಯಚಿತ್ರ ಅಂತ ಹೆಸರಿದ್ದರೂ ನಡುವೆ ಆತ್ಮಹತ್ಯೆಯ ಪ್ರಯತ್ನ ಒಂದಿದೆ. ಮಕ್ಕಳನ್ನು ಕೂರಿಸಿಕೊಂಡು ನೋಡುವುದಾದರೆ 'ಸಮ್ ಲೈಕ್ ಇಟ್ ಹಾಟ್' (1959) ವಾಸಿ. ಇಬ್ಬರು ಗಂಡಸರು ಗೂಂಡಾಗಳಿಂದ ತಪ್ಪಿಸಿಕೊಳ್ಳಲು ಸೀರೆ ಉಡುವ ಕಥೆ ನಮ್ಮ ನಾಟಕ ಕಂಪನಿಗಳಿಗೂ ಹೊಸದಲ್ಲ. ಸೀರೆಯ ಬದಲು ಇಲ್ಲಿ ಫ್ರಾಕು, ಜೊತೆಗೆ ಮರ್ಲಿನ್ ಮನ್ರೊ. ಕೋರ್ಟಿನ ಕಥೆ ಇಷ್ಟಪಡುವ ಅಪ್ಪಂದಿರಿಗೆ 'ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್' (1957). ಸತ್ತವನೇ ತನ್ನ ಕಥೆ ಹೇಳುವ 'ಸನ್‌ಸೆಟ್ ಬುಲೆವಾರ್ಡ್' (1950) ಒಂಟಿ ರಾತ್ರಿಗೆ.

ಹಿಚ್‌ಕಾಕ್‌ಗೂ ಇವನಿಗೂ ಇರುವ ವ್ಯತ್ಯಾಸ ಇಷ್ಟು: ಹಿಚ್‌ಕಾಕ್ ಮುಗಿದಾಗ ನೀವು 'ಹೆಂಗೆ ಮಾಡಿದ ನೋಡು' ಅನ್ನುತ್ತೀರಿ, ವೈಲ್ಡರ್ ಮುಗಿದಾಗ 'ಪಾಪ ಅವನು' ಅನ್ನುತ್ತೀರಿ.

ಹಾಕ್ಸ್: ಎಲ್ಲರೂ ಹೇಳುವ ಸಿನಿಮಾ ಬಿಟ್ಟು ಬೇರೆಯದು

ಹೋವರ್ಡ್ ಹಾಕ್ಸ್ ಅಂದರೆ ಸಿನಿಮಾ ಹುಚ್ಚರು ಮೊದಲು ಕೈಗಿಡುವುದು 'ಹಿಸ್ ಗರ್ಲ್ ಫ್ರೈಡೇ' (1940). ಮೂಲ ನಾಟಕದಲ್ಲಿ ಗಂಡಾಗಿದ್ದ ವರದಿಗಾರನನ್ನು ಹೆಣ್ಣು ಮಾಡಿ, ಸಂಪಾದಕನ ಮಾಜಿ ಹೆಂಡತಿಯನ್ನಾಗಿಸಿದ್ದು ಹಾಕ್ಸ್‌ನ ಜಾಣ್ಮೆ. ಸಿನಿಮಾ 92 ನಿಮಿಷ. ಹಕ್ಕು ನವೀಕರಿಸದ ಕಾರಣ ಅಮೆರಿಕದಲ್ಲಿ ಅದು ಸಾರ್ವಜನಿಕ ಸ್ವತ್ತಾಗಿದೆ, ಉಚಿತವಾಗಿ ಎಲ್ಲೆಲ್ಲೂ ಸಿಗುತ್ತದೆ. ಎಲ್ಲ ಸರಿ. ಆದರೆ ಅದರಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರು, ಮೂರನೆಯವರು ಫೋನಿನಲ್ಲಿ ಕಿರುಚುತ್ತಿರುತ್ತಾರೆ. ಸಬ್‌ಟೈಟಲ್ ಓದಿ ತಲೆ ಎತ್ತುವಷ್ಟರಲ್ಲಿ ನಾಲ್ಕು ಜೋಕು ಹೋಗಿರುತ್ತವೆ. ಇಂಗ್ಲಿಷ್ ಮಾತು ಸಲೀಸಾಗಿ ಕಿವಿಗೆ ಬೀಳುವವರಿಗೆ ಹಬ್ಬ, ಉಳಿದವರಿಗೆ ಸಂತೆ.

ನನ್ನ ಸಲಹೆ 'ರಿಯೊ ಬ್ರಾವೊ' (1959). ಶುರುವಿನ ಕೆಲವು ನಿಮಿಷ ಒಂದೂ ಮಾತಿಲ್ಲ. ಹೆಂಡಕ್ಕೆ ಕಾಸಿಲ್ಲದ ಕುಡುಕ ಬಾರಿಗೆ ಬರುತ್ತಾನೆ. ಒಬ್ಬ ಪುಂಡ ಅವನನ್ನು ಕೆಣಕಿ ಪೀಕದಾನಿಯೊಳಗೆ ನಾಣ್ಯ ಎಸೆಯುತ್ತಾನೆ. ಕುಡುಕ ಬಗ್ಗಿ ಕೈ ಹಾಕಬೇಕು, ಅಷ್ಟರಲ್ಲಿ ಯಾರದೋ ಬೂಟುಕಾಲು ಪೀಕದಾನಿಯನ್ನು ಒದ್ದು ಉರುಳಿಸುತ್ತದೆ. ಅವನು ತಲೆ ಎತ್ತಿದರೆ ಮೇಲೆ ನಾಯಕನಟ ಜಾನ್ ವೇನ್. ಸ್ನೇಹ, ಅವಮಾನ, ಮುಂದಿನ ಎರಡು ಗಂಟೆಯ ಕಥೆ ಎಲ್ಲ ಅಲ್ಲೇ ಇದೆ. 141 ನಿಮಿಷ ಉದ್ದ, ನಿಜ. ಆದರೆ ಭಾನುವಾರದ ಊಟ ಆದಮೇಲೆ ಕಟ್ಟೆಯ ಮೇಲೆ ಗೆಳೆಯರೊಟ್ಟಿಗೆ ಕೂತ ಹಾಗೆ ಹರಟುತ್ತಾ ಹೋಗುತ್ತದೆ. ನಡುವೆ ಎದ್ದು ಕಾಫಿ ಮಾಡಿಕೊಂಡು ಬಂದರೂ ನಷ್ಟವಿಲ್ಲ. 'ದ ಬಿಗ್ ಸ್ಲೀಪ್' (1946) ಆಮೇಲೆ ನೋಡಿ, ಕಥೆ ಅರ್ಥವಾಗಲಿಲ್ಲ ಅಂತ ಬೇಜಾರಾಗಬೇಡಿ. ಕಥೆಯಲ್ಲಿ ಕಾರು ಚಾಲಕನನ್ನು ಕೊಂದವರು ಯಾರು ಅಂತ ಚಿತ್ರತಂಡ ಕೇಳಿದಾಗ ಕಾದಂಬರಿ ಬರೆದ ಚಾಂಡ್ಲರ್‌ಗೂ ಗೊತ್ತಿರಲಿಲ್ಲವಂತೆ.

ಫೋರ್ಡ್: ತಡವಾಗಿ, ಆದರೆ ದೊಡ್ಡದಾಗಿ

ನಿರ್ದೇಶನಕ್ಕೆ ನಾಲ್ಕು ಆಸ್ಕರ್ ಪಡೆದವನು ಜಾನ್ ಫೋರ್ಡ್ ಒಬ್ಬನೇ. ಜನ ಇವನನ್ನು ನೆನೆಯುವುದು ವೆಸ್ಟರ್ನ್‌ಗಳಿಗೆ, ಅಂದರೆ ಕೌಬಾಯ್ ಚಿತ್ರಗಳಿಗೆ, ಆದರೆ ಆ ನಾಲ್ಕರಲ್ಲಿ ಒಂದೂ ವೆಸ್ಟರ್ನ್ ಅಲ್ಲ! ಯೂಟಾ-ಅರಿಜೋನಾ ಗಡಿಯ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳ ಮುಂದೆ ಕುದುರೆ ಸವಾರನನ್ನು ಚುಕ್ಕೆಯಷ್ಟು ಇಟ್ಟು ತೋರಿಸುವುದು ಇವನ ಶೈಲಿ. ಫೋನಿನಲ್ಲಿ ಆ ಚುಕ್ಕೆಯೂ ಇರುವುದಿಲ್ಲ. ದೊಡ್ಡ ಟಿವಿ ಇಲ್ಲದಿದ್ದರೆ ಫೋರ್ಡ್ ಈಗ ಬೇಡ.

ಇನ್ನೊಂದು ತೊಡಕು ಅದಕ್ಕಿಂತ ಗಟ್ಟಿ. ಅಮೆರಿಕದ ಮೂಲನಿವಾಸಿಗಳನ್ನು ಈ ಸಿನಿಮಾಗಳು ಬಹುಪಾಲು ದಾಳಿಕೋರರ ಗುಂಪಾಗಿಯೇ ತೋರಿಸುತ್ತವೆ. 'ದ ಸರ್ಚರ್ಸ್' (1956) ಚಿತ್ರದ ಕಮಾಂಚೆ ಬುಡಕಟ್ಟಿನ ಮುಖಂಡನ ಪಾತ್ರ ಮಾಡಿದ್ದು ಜರ್ಮನಿಯಲ್ಲಿ ಹುಟ್ಟಿದ ನಟ. ಆ ಸಿನಿಮಾ ತನ್ನ ನಾಯಕನ ಜನಾಂಗದ್ವೇಷವನ್ನೇ ಪರೀಕ್ಷೆಗೆ ಒಡ್ಡುತ್ತದೆ, ಅದು ಅದರ ಹೆಚ್ಚುಗಾರಿಕೆ. ಆದರೆ ಅದನ್ನು ಗುರುತಿಸಲು ಮೊದಲು ನಾಲ್ಕು ಮಾಮೂಲಿ ವೆಸ್ಟರ್ನ್ ನೋಡಿರಬೇಕು. ಫೋರ್ಡ್‌ನಿಂದಲೇ ಶುರು ಮಾಡುತ್ತೇನೆ ಅನ್ನುವವರು 'ಸ್ಟೇಜ್‌ಕೋಚ್' (1939) ಹಿಡಿಯಿರಿ. 96 ನಿಮಿಷ, ಒಂದು ಗಾಡಿ, ಒಬ್ಬರಿಗೊಬ್ಬರು ಆಗದ ಒಂಬತ್ತು ಜನ. ನಮ್ಮ ಕೆಂಪು ಬಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ ಆ ಸೀಟಿನ ಜಗಳ, ಮಡಿ ಮೈಲಿಗೆ ಎಲ್ಲ ಗೊತ್ತಾಗುತ್ತದೆ. ಜಾನ್ ವೇನ್ ಮೊದಲು ಕಾಣಿಸಿಕೊಳ್ಳುವಾಗ ಕ್ಯಾಮೆರಾ ಅವನ ಮುಖಕ್ಕೆ ಎಷ್ಟು ಜೋರಾಗಿ ನುಗ್ಗುತ್ತದೆ ಅಂದರೆ ಅರೆಕ್ಷಣ ಫೋಕಸ್ಸೇ ತಪ್ಪುತ್ತದೆ. ಆ ತಪ್ಪನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಕಾಪ್ರಾ, ವೆಲ್ಸ್, ಇನ್ನಿಬ್ಬರು

ಫ್ರಾಂಕ್ ಕಾಪ್ರಾನ 'ಇಟ್ ಹ್ಯಾಪನ್ಡ್ ಒನ್ ನೈಟ್' (1934) ನಿಮಗೆ ಗೊತ್ತಿಲ್ಲದೆಯೇ ಗೊತ್ತು. ಮನೆ ಬಿಟ್ಟು ಓಡಿದ ಶ್ರೀಮಂತರ ಹುಡುಗಿ, ಬಸ್ಸಿನಲ್ಲಿ ಸಿಕ್ಕ ಪತ್ರಕರ್ತ. ಹಿಂದಿಯಲ್ಲಿ 'ಚೋರಿ ಚೋರಿ' (1956) ಆಯಿತು, 'ದಿಲ್ ಹೈ ಕೆ ಮಾನ್ತಾ ನಹೀ' (1991) ಆಯಿತು, ಅಲ್ಲಿಂದ ಕನ್ನಡಕ್ಕೆ ಗಣೇಶ್‌ರ 'ಹುಡುಗಾಟ' (2007) ಆಗಿ ಬಂತು. ಕಥೆ ಮೊದಲೇ ತಿಳಿದಿರುವುದರಿಂದ ಸಬ್‌ಟೈಟಲ್ ತಪ್ಪಿದರೂ ಚಿಂತೆಯಿಲ್ಲ. ಅಮ್ಮನ ಜೊತೆ ನೋಡಲು ಇದಕ್ಕಿಂತ ಸುಲಭದ್ದು ಸಿಗದು.

ಆರ್ಸನ್ ವೆಲ್ಸ್‌ನ 'ಸಿಟಿಜನ್ ಕೇನ್' (1941) ಕೊನೆಗಿರಲಿ. ಅದು ಏನನ್ನು ಮುರಿಯಿತು ಅಂತ ಗೊತ್ತಾಗಲು ಮೊದಲು ಮುರಿಯದೇ ಇದ್ದದ್ದನ್ನು ನೋಡಿರಬೇಕು. ಗಂಡ ಹೆಂಡತಿ ಇಬ್ಬರೇ ಇದ್ದರೆ ಲುಬಿಚ್‌ನ 'ದ ಶಾಪ್ ಅರೌಂಡ್ ದ ಕಾರ್ನರ್' (1940). ಒಂದೇ ಅಂಗಡಿಯಲ್ಲಿ ದಿನವಿಡೀ ಕಚ್ಚಾಡುವ ಇಬ್ಬರು, ರಾತ್ರಿ ಹೊತ್ತು ಗೊತ್ತಿಲ್ಲದೆ ಒಬ್ಬರಿಗೊಬ್ಬರು ಪ್ರೇಮಪತ್ರ ಬರೆಯುತ್ತಿರುತ್ತಾರೆ. ಸಮಯವೂ ಇಲ್ಲ, ಕಾಸೂ ಬಿಚ್ಚುವುದಿಲ್ಲ ಅನ್ನುವವರಿಗೆ ಐಡಾ ಲುಪಿನೊ ನಿರ್ದೇಶಿಸಿದ 'ದ ಹಿಚ್-ಹೈಕರ್' (1953). ಬರೀ 71 ನಿಮಿಷ, ಅದೂ ಸಾರ್ವಜನಿಕ ಸ್ವತ್ತು. ಹೆಣ್ಣು ನಿರ್ದೇಶಕರೇ ಇಲ್ಲದಂತಿದ್ದ ಕಾಲದಲ್ಲಿ ಆಕೆ ಮಾಡಿದ ಆ ಕೆಲಸಕ್ಕೆ ಇನ್ನೂ ತಕ್ಕ ಹೆಸರು ಬಂದಿಲ್ಲ ಅಂತ ನನ್ನ ಅನಿಸಿಕೆ.

ನಟರ ಕೈ ಹಿಡಿದು ಹೋದರೆ?

ನಮ್ಮಲ್ಲೂ 'ಅಣ್ಣಾವ್ರ ಸಿನಿಮಾ' ಅಂತ ಹೋಗುವವರು ಒಂದು ಕಡೆ, 'ಪುಟ್ಟಣ್ಣನ ಸಿನಿಮಾ' ಅಂತ ಹೋಗುವವರು ಇನ್ನೊಂದು ಕಡೆ ಇದ್ದರಲ್ಲ. ನಿರ್ದೇಶಕನ ದಾರಿಯಲ್ಲಿ ಆಳ ಹೆಚ್ಚು, ನಟರ ದಾರಿಯಲ್ಲಿ ವೈವಿಧ್ಯ ಹೆಚ್ಚು. ಇನ್ನೂ ಯಾರ ರುಚಿಯೂ ಹತ್ತಿಲ್ಲದವರಿಗೆ ಎರಡನೆಯದೇ ಸುರಕ್ಷಿತ, ಒಂದು ಕೈಕೊಟ್ಟರೆ ಮುಂದಿನದು ಬೇರೆಯವನದ್ದು.

ಜೇಮ್ಸ್ ಸ್ಟೂವರ್ಟ್‌ನನ್ನು ಹಿಡಿದರೆ ಲುಬಿಚ್, ಕಾಪ್ರಾ, ಹಿಚ್‌ಕಾಕ್, ಫೋರ್ಡ್ ನಾಲ್ವರೂ ಸಿಗುತ್ತಾರೆ. ಕ್ಯಾರಿ ಗ್ರಾಂಟ್‌ನಲ್ಲಿ ಹಾಕ್ಸ್, ಹಿಚ್‌ಕಾಕ್ ಇಬ್ಬರೂ ಇದ್ದಾರೆ, ವೈಲ್ಡರ್ ಇಲ್ಲ. ನನ್ನ ಆಯ್ಕೆ ಇಬ್ಬರೂ ಅಲ್ಲ, ಬಾರ್ಬರಾ ಸ್ಟಾನ್‌ವಿಕ್. 1941 ಒಂದೇ ವರ್ಷದ ಪಟ್ಟಿ ನೋಡಿ: ಸ್ಟರ್ಜಸ್‌ನ 'ದ ಲೇಡಿ ಈವ್', ಕಾಪ್ರಾನ 'ಮೀಟ್ ಜಾನ್ ಡೋ', ಹಾಕ್ಸ್‌ನ 'ಬಾಲ್ ಆಫ್ ಫೈರ್'. ಮೂರು ವರ್ಷ ಬಿಟ್ಟು ವೈಲ್ಡರ್‌ನ 'ಡಬಲ್ ಇಂಡೆಮ್ನಿಟಿ'. ನಗಿಸುವಾಗಲೂ ಕೊಲ್ಲಿಸುವಾಗಲೂ ಅದೇ ತಣ್ಣನೆಯ ಕಣ್ಣು. ನಾಲ್ಕು ಸಲ ನಾಮನಿರ್ದೇಶನ, ಸ್ಪರ್ಧೆಯ ಆಸ್ಕರ್ ಮಾತ್ರ ಸೊನ್ನೆ.

ಮೈಸೂರಿನವರಿಗೆ ಇನ್ನೊಂದು ಸ್ವಂತ ದಾರಿಯಿದೆ. ಮೈಸೂರಿನ ಮಾವುತನ ಮಗ ಸಾಬು 'ಎಲಿಫೆಂಟ್ ಬಾಯ್' (1937) ಮೂಲಕ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1942ರ 'ಜಂಗಲ್ ಬುಕ್'ನ ಮೋಗ್ಲಿ ಅವನೇ. ಸಿನಿಮಾಗಳು ಸಾಧಾರಣ, ಹುಡುಗ ಅಸಾಧಾರಣ.

ಖರ್ಚಿನ ಮಾತು

ಸ್ಟ್ರೀಮಿಂಗ್ ಚಂದಾ ಇಟ್ಟುಕೊಂಡು ಹಳೇ ಸಿನಿಮಾ ಕಾಯುವುದು ಮಳೆ ಕಾದ ಹಾಗೆ, ಈ ತಿಂಗಳು ಇದ್ದದ್ದು ಮುಂದಿನ ತಿಂಗಳು ಇರುವುದಿಲ್ಲ. ಒಂದೊಂದೇ ಬಾಡಿಗೆಗೆ ತೆಗೆದುಕೊಳ್ಳುವುದು ಲೆಕ್ಕಕ್ಕೆ ವಾಸಿ. ಉಚಿತವಾಗಿ ಸಿಗುವ ಸಾರ್ವಜನಿಕ ಸ್ವತ್ತಿನ ಚಿತ್ರಗಳಲ್ಲಿ ಒಂದೇ ಸಿನಿಮಾದ ಹತ್ತು ಪ್ರತಿ ಇರುತ್ತವೆ, ಒಂಬತ್ತು ಮಸುಕು. ಮೊದಲ ಎರಡು ನಿಮಿಷ ನೋಡಿ, ಮುಖದ ಗೆರೆ ಕಾಣದಿದ್ದರೆ ಬೇರೆ ಪ್ರತಿ ಹುಡುಕಿ. ಬಣ್ಣ ಬಳಿದ ಪ್ರತಿ ಸಿಕ್ಕರೆ ಮುಟ್ಟಬೇಡಿ. ಡಿಸ್ಕ್ ಕೊಳ್ಳುವುದು ಒಬ್ಬ ನಿರ್ದೇಶಕನ ಮೇಲೆ ಮನಸ್ಸು ನಿಂತ ಮೇಲಿನ ಮಾತು. ಐವತ್ತರ ದಶಕಕ್ಕೆ ಮುಂಚಿನ ಚಿತ್ರಗಳು ಹೆಚ್ಚುಕಡಿಮೆ ಚೌಕ, ಎರಡೂ ಬದಿ ಕಪ್ಪು ಪಟ್ಟಿ ಇರಬೇಕಾದದ್ದೇ. ಟಿವಿಯನ್ನು 'ಸ್ಟ್ರೆಚ್'ಗೆ ಹಾಕಿ ಇನ್‌ಗ್ರಿಡ್ ಬರ್ಗ್‌ಮನ್‌ಳ ಮುಖವನ್ನು ಕುಂಬಳಕಾಯಿ ಮಾಡಬೇಡಿ.

ಅಕ್ಕನ ಮಗಳಿಗೆ ನಾನು ಕೊಟ್ಟದ್ದು 'ರಿಯರ್ ವಿಂಡೊ'. ಅದಾಗಿ 'ದ ಅಪಾರ್ಟ್‌ಮೆಂಟ್' ತಾನೇ ಹುಡುಕಿಕೊಂಡು ನೋಡಿದಳು, ಆಮೇಲೆ ಎರಡು ದಿನ ಫೋನ್ ಎತ್ತಲಿಲ್ಲ. ಈಗ ಸ್ಟಾನ್‌ವಿಕ್ ಹಿಂದೆ ಬಿದ್ದಿದ್ದಾಳೆ. ಮೊನ್ನೆ ಮತ್ತೆ ಕೇಳಿದಳು, ಫೋರ್ಡ್ ಈಗ ನೋಡಬಹುದಾ ಅಂತ. ನೋಡಬಹುದು, ಮೆಟ್ರೊದಲ್ಲಿ ಮಾತ್ರ ಬೇಡ, ಭಾನುವಾರ ನಮ್ಮನೆಗೆ ಬಾ ಅಂದಿದ್ದೇನೆ.